ಹವ್ಯಾಸಿಗಳ ಸಮ್ಮೇಳನ: ಸಹಿ ಯಾರದು, ಹೊಣೆ ಯಾರದು?

ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನು ಸಾಕುವುದು ನಮ್ಮ ನಗರಗಳಿಗೆ ಹೊಸತಲ್ಲ. ಮೀನಿಗಿಂತ ಹೆಚ್ಚಾಗಿ ನೀರಿನೊಳಗೆ ಬೆಳೆಯುವ ಗಿಡಗಳಿಗಾಗಿಯೇ ಅಕ್ವೇರಿಯಂ ಇಡುವವರೂ ಇದ್ದಾರೆ. ಈ ಅಭಿರುಚಿಯನ್ನು ಜಗತ್ತಿನಾದ್ಯಂತ ಹರಡಿದವರು ಜಪಾನಿನ ತಕಾಶಿ ಅಮಾನೋ (1954–2015). ಅವರ ಸಂಸ್ಥೆಯು 2001ರಲ್ಲಿ ಜಲಸಸ್ಯ ವಿನ್ಯಾಸಕ್ಕೆ ಅಂತರರಾಷ್ಟ್ರೀಯ ಸ್ಪರ್ಧೆಯನ್ನೇ ಆರಂಭಿಸಿತು. ಅಮೆರಿಕದ ಅಕ್ವಾಟಿಕ್ ಗಾರ್ಡನರ್ಸ್ ಅಸೋಸಿಯೇಶನ್ ಎಂಬ ಹವ್ಯಾಸಿಗಳ ಸಂಘವು ಉಪನ್ಯಾಸ ಮತ್ತು ಗಿಡಗಳ ಹರಾಜನ್ನು ಒಳಗೊಂಡ ಸಮ್ಮೇಳನಗಳನ್ನು ಸಂಬಳವಿಲ್ಲದ ಕಾರ್ಯಕರ್ತರ ಬಲದಿಂದಲೇ ನಡೆಸಿದೆ.

ಕರ್ನಾಟಕಕ್ಕೂ ಇಂತಹ ಮೇಳಗಳ ಪರಿಚಯವುಂಟು. ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ವರ್ಷಕ್ಕೆರಡು ಬಾರಿ ನಡೆಯುವ ಫಲಪುಷ್ಪ ಪ್ರದರ್ಶನದಲ್ಲಿ ತೋಟಗಾರಿಕೆ ಇಲಾಖೆಯೊಂದಿಗೆ ಮೈಸೂರು ಉದ್ಯಾನಕಲಾ ಸಂಘವೂ ಕೈಜೋಡಿಸುತ್ತದೆ. 2017ರ ಮೇ ತಿಂಗಳಲ್ಲಿ ಮಂಗಳೂರಿನಲ್ಲಿ ಸಾಗರೋತ್ಪನ್ನ ರಫ್ತು ಅಭಿವೃದ್ಧಿ ಪ್ರಾಧಿಕಾರವು 'ಅಕ್ವಾ ಅಕ್ವೇರಿಯಾ ಇಂಡಿಯಾ' ಮೇಳವನ್ನು ನಡೆಸಿತು. ಇವುಗಳ ಹಿಂದೆ ಸರ್ಕಾರದ ಇಲಾಖೆ ಅಥವಾ ಪ್ರಾಧಿಕಾರದ ಆಸರೆಯಿತ್ತು. ಅಂತಹ ಆಸರೆಯಿಲ್ಲದ ಹತ್ತು ಜನ ಹವ್ಯಾಸಿಗಳು ಸಣ್ಣ ಊರಿನಲ್ಲಿ ಸಮ್ಮೇಳನಕ್ಕೆ ಕೈಹಾಕಿದಾಗ ಲೆಕ್ಕಾಚಾರ ಬೇರೆಯೇ ಆಗುತ್ತದೆ.

ಉದಾಹರಣೆಗೆ ಆಯನೂರನ್ನು ತೆಗೆದುಕೊಳ್ಳಬಹುದು. ಶಿವಮೊಗ್ಗದಿಂದ ಸಾಗರಕ್ಕೆ ಹೋಗುವ ಹೆದ್ದಾರಿಯ ಮೇಲಿರುವ ಈ ಊರಿಗೆ ಬಸ್ ಸೌಕರ್ಯವಿದೆ. 2023ರ ಫೆಬ್ರವರಿಯಲ್ಲಿ ಸೋಗಾನೆಯ ವಿಮಾನ ನಿಲ್ದಾಣ ಉದ್ಘಾಟನೆಗೊಂಡ ಮೇಲೆ ದೂರದ ಅತಿಥಿಗಳ ಪ್ರಯಾಣ ಸುಲಭವಾಗಿದೆ. ಇದೇ ಹೆದ್ದಾರಿಯಲ್ಲಿ ಮುಂದೆ ಸಾಗಿದರೆ ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯವನ್ನು ತಲುಪಬಹುದು. ಜಗತ್ತಿನ ಹವ್ಯಾಸಿಗಳು ಬೆಲೆಕೊಟ್ಟು ಕೊಳ್ಳುವ ಕ್ರಿಪ್ಟೊಕೊರೈನ್, ಲಾಗೆನಾಂಡ್ರ, ರೊಟಾಲ ಮುಂತಾದ ಕುಲಗಳ ಕೆಲವು ಗಿಡಗಳಿಗೆ ಪಶ್ಚಿಮ ಘಟ್ಟದ ಹಳ್ಳಕೊಳ್ಳಗಳೇ ತವರು.

ಇಲ್ಲಿ ಎರಡು ದಿನಗಳ ಜಲಸಸ್ಯ ಸಮ್ಮೇಳನ ನಡೆದರೆ ಸಭಾಭವನದ ಮಾಲೀಕರು, ಶಾಮಿಯಾನದವರು, ಅಡುಗೆ ಗುತ್ತಿಗೆದಾರರು, ಮುದ್ರಣಾಲಯ, ಗಾಜಿನ ಅಂಗಡಿ, ಜನರೇಟರ್ ಬಾಡಿಗೆಯವರು ಎಲ್ಲರಿಗೂ ವ್ಯಾಪಾರವುಂಟು. ವ್ಯಾಪಾರಿಗಳು ಪ್ರಾಯೋಜಕರಾಗಿಯೂ ಮಳಿಗೆದಾರರಾಗಿಯೂ ಭಾಗವಹಿಸಬಹುದು. ಎಷ್ಟೋ ವೇಳೆ ಸಂಘದ ಖಜಾಂಚಿಯೂ ಒಬ್ಬ ವ್ಯಾಪಾರಿಯೇ ಆಗಿರುತ್ತಾರೆ. ಆದ್ದರಿಂದ ಇಂತಹ ಕಾರ್ಯಕ್ರಮದ ಆರ್ಥಿಕ ಹಾಗೂ ಕಾನೂನು ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

1. ಸಂಘದ ಸ್ವರೂಪ

ನೋಂದಣಿಯಾಗದ ಸಂಘಕ್ಕೆ ಕಾನೂನಿನ ದೃಷ್ಟಿಯಲ್ಲಿ ಪ್ರತ್ಯೇಕ ಅಸ್ತಿತ್ವವಿಲ್ಲ. ಲೆಟರ್‌ಹೆಡ್ ಮತ್ತು ಮೊಹರು ಇದ್ದ ಮಾತ್ರಕ್ಕೆ ಅದು 'ವ್ಯಕ್ತಿ'ಯಾಗುವುದಿಲ್ಲ. 1872ರ ಭಾರತೀಯ ಕರಾರು ಅಧಿನಿಯಮದ 230ನೆಯ ಕಲಮಿನ ಪ್ರಕಾರ, ಯಾರ ಪರವಾಗಿ ಕರಾರು ಮಾಡಲಾಯಿತೋ ಅವರ ಮೇಲೆ ದಾವೆ ಹೂಡಲು ಸಾಧ್ಯವಿಲ್ಲದಿದ್ದರೆ, ಕರಾರು ಮಾಡಿದ ಪ್ರತಿನಿಧಿಯೇ ಸ್ವತಃ ಬದ್ಧನೆಂದು ಭಾವಿಸಲಾಗುತ್ತದೆ. ಹಲವರು ಕೂಡಿ ಕರಾರು ಮಾಡಿದ್ದರೆ, 43ನೆಯ ಕಲಮಿನಂತೆ, ವಿರುದ್ಧವಾದ ಸ್ಪಷ್ಟ ಒಪ್ಪಂದವಿಲ್ಲದ ಪಕ್ಷದಲ್ಲಿ, ಬರಬೇಕಾದ ಪೂರ್ಣ ಹಣವನ್ನು ಅವರಲ್ಲಿ ಯಾರಾದರೂ ಒಬ್ಬರಿಂದಲೇ ವಸೂಲು ಮಾಡಬಹುದು. ಹಾಗೆ ತೆತ್ತವರು ಉಳಿದವರಿಂದ ಅವರವರ ಪಾಲನ್ನು ಕೇಳುವುದು ಆಮೇಲಿನ ಮಾತು.

ಶಾಮಿಯಾನದ ಆರ್ಡರ್ ಫಾರಂಗೆ 'ಕಾರ್ಯದರ್ಶಿ' ಎಂದು ಸಹಿ ಮಾಡಿದ ಶಾಲಾ ಶಿಕ್ಷಕರೊಬ್ಬರು ತಾವು ಸಂಘದ ಪರವಾಗಿ ಸಹಿ ಮಾಡಿದ್ದಾಗಿ ನಂಬಿರುತ್ತಾರೆ. ಸಮ್ಮೇಳನ ನಷ್ಟದಲ್ಲಿ ಮುಗಿದರೆ ಬಾಕಿಯ ನೋಟೀಸು ಅವರ ಮನೆಯ ವಿಳಾಸಕ್ಕೇ ಬರಬಹುದು. ಸಾಲ ಕೊಟ್ಟ ವ್ಯಾಪಾರಿಗೂ ಇದರಿಂದ ಸುಖವಿಲ್ಲ. ಪರಿಚಿತರ ಮೇಲೆ ದಾವೆ ಹೂಡಬೇಕು, ಇಲ್ಲವೇ ಹಣ ಬಿಡಬೇಕು.

ಇದಕ್ಕೆ ಪರಿಹಾರ ಕಷ್ಟವಲ್ಲ. 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದಡಿ ಕನಿಷ್ಠ ಏಳು ಮಂದಿ ಸೇರಿ ಸಂಘವನ್ನು ನೋಂದಾಯಿಸಬಹುದು. ಅನಂತರ ಸಂಘದ ಹೆಸರಿನಲ್ಲಿ ಪ್ಯಾನ್ ಪಡೆದು, ಇಬ್ಬರ ಜಂಟಿ ಸಹಿಯ ಬ್ಯಾಂಕ್ ಖಾತೆ ತೆರೆಯಬೇಕು. ಸಮ್ಮೇಳನದ ಖರ್ಚಿಗೆ ಮಿತಿ ಗೊತ್ತುಪಡಿಸಿ ಠರಾವು ಮಾಡಿ ನಡಾವಳಿ ಪುಸ್ತಕದಲ್ಲಿ ಬರೆಯಬೇಕು. ವ್ಯಾಪಾರಿಗಳಾದರೂ ಸಾಲದ ಮೇಲೆ ಸಾಮಗ್ರಿ ಕೊಡುವ ಮೊದಲು ನೋಂದಣಿ ಪತ್ರ ಹಾಗೂ ಠರಾವಿನ ಪ್ರತಿಯನ್ನು ಕೇಳಿ ಪಡೆಯಬೇಕು. ಹೀಗೆ ಕೇಳುವುದನ್ನು ಅವಿಶ್ವಾಸವೆಂದು ಯಾರೂ ತಿಳಿಯಬೇಕಾಗಿಲ್ಲ.

2. ಅಂದಾಜು ಆಯವ್ಯಯ

ಸ್ವಯಂಸೇವಕರು ಸಾಮಾನ್ಯವಾಗಿ ಮಾಡುವ ತಪ್ಪೆಂದರೆ, ಬರಬಹುದಾದ ಜನರನ್ನು ಮೊದಲು ಊಹಿಸಿ ಖರ್ಚನ್ನು ಅದಕ್ಕೆ ಹೊಂದಿಸುವುದು. ನಷ್ಟವಾಗದಿರಲು ಕನಿಷ್ಠ ಎಷ್ಟು ಪ್ರತಿನಿಧಿಗಳು ಬರಬೇಕೆಂಬುದನ್ನು ಮೊದಲು ಕಂಡುಹಿಡಿಯಬೇಕು. ವಿವರಣೆಗಾಗಿ ಮಾತ್ರ ಒಂದು ಕಲ್ಪಿತ ಲೆಕ್ಕವನ್ನು ಇಲ್ಲಿ ಕೊಡಲಾಗಿದೆ.

ಜನ ಎಷ್ಟೇ ಬರಲಿ, ಬದಲಾಗದ ಖರ್ಚು:
ಸಭಾಭವನ – ರೂ. 50,000
ಶಾಮಿಯಾನ, ದೀಪ, ಜನರೇಟರ್ – ರೂ. 60,000
ಉಪನ್ಯಾಸಕರ ಪ್ರಯಾಣ, ವಸತಿ – ರೂ. 80,000
ಪ್ರದರ್ಶನದ ತೊಟ್ಟಿ, ನೀರಿನ ವ್ಯವಸ್ಥೆ – ರೂ. 40,000
ಮುದ್ರಣ – ರೂ. 20,000
ವಿಮೆ ಹಾಗೂ ಇತರೆ – ರೂ. 10,000
ಒಟ್ಟು – ರೂ. 2,60,000

ಇತರ ಆದಾಯ: 12 ಮಳಿಗೆಗಳಿಂದ ರೂ. 60,000, ಪ್ರಾಯೋಜಕರಿಂದ ರೂ. 75,000, ಒಂದು ಲಕ್ಷ ರೂಪಾಯಿಯ ಗಿಡಗಳ ಹರಾಜಿನಲ್ಲಿ ಸಂಘದ ಶೇ. 20ರ ಪಾಲು ರೂ. 20,000. ಒಟ್ಟು ರೂ. 1,55,000.

ಪ್ರತಿನಿಧಿ ಶುಲ್ಕ ರೂ. 1,500 ಇದ್ದು, ಒಬ್ಬರ ಊಟೋಪಚಾರ ಹಾಗೂ ಕೈಚೀಲಕ್ಕೆ ರೂ. 700 ತಗಲಿದರೆ ತಲಾ ಉಳಿಯುವುದು ರೂ. 800. ಬದಲಾಗದ ಖರ್ಚಿನಲ್ಲಿ ಇತರ ಆದಾಯವನ್ನು ಕಳೆದರೆ ರೂ. 1,05,000 ಉಳಿಯುತ್ತದೆ. ಇದನ್ನು 800ರಿಂದ ಭಾಗಿಸಿದಾಗ, 132 ಪ್ರತಿನಿಧಿಗಳು ಬಂದರೆ ನಷ್ಟವಿಲ್ಲವೆಂದು ತಿಳಿಯುತ್ತದೆ. 150 ಜನ ಬಂದರೆ ರೂ. 15,000 ಉಳಿತಾಯ.

ಪ್ರಾಯೋಜಕರು ಕೊನೆಯ ಗಳಿಗೆಯಲ್ಲಿ ಹಿಂದೆ ಸರಿದರೆ ಈ ಸಂಖ್ಯೆ 225ಕ್ಕೆ ಏರುತ್ತದೆ. ಸಭಾಭವನದಲ್ಲಿರುವುದು 200 ಕುರ್ಚಿಗಳಾದರೆ, ಭವನ ತುಂಬಿದರೂ ನಷ್ಟ ತಪ್ಪದು. 150 ಜನರ ಊಟಕ್ಕೆ ಹೇಳಿ 100 ಜನ ಮಾತ್ರ ಬಂದರೆ, ಪ್ರಾಯೋಜಕರ ಹಣ ಬಂದಿದ್ದರೂ ನಷ್ಟ ರೂ. 60,000. ಆದ್ದರಿಂದ ಪ್ರಾಯೋಜಕರ ಹಣ ಖಾತೆಗೆ ಜಮೆಯಾಗುವವರೆಗೆ ಅದನ್ನು ಆದಾಯವೆಂದು ಎಣಿಸಬಾರದು. ಊಟದ ಅಂತಿಮ ಸಂಖ್ಯೆಯನ್ನು ಯಾವ ದಿನದೊಳಗೆ ತಿಳಿಸಬೇಕೆಂಬುದನ್ನು ಅಡುಗೆಯವರೊಂದಿಗೆ ಬರವಣಿಗೆಯಲ್ಲಿ ಗೊತ್ತುಮಾಡಿಕೊಳ್ಳಬೇಕು. ಮಲೆನಾಡಿನ ಅಂಚಿನ ಊರಿನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ದಿನಾಂಕ ಇಡುವುದೂ ಸೂಕ್ತವಲ್ಲ.

3. ಸರಕು ಮತ್ತು ಸೇವಾ ತೆರಿಗೆ

ಜೀವಂತ ಸಸ್ಯಗಳಿಗೆ ಈ ತೆರಿಗೆಯಿಂದ ವಿನಾಯಿತಿಯಿದೆ. ಕೇವಲ ಗಿಡಗಳನ್ನೇ ಮಾರುವವರು ನೋಂದಣಿ ಪಡೆಯಬೇಕಾಗಿಲ್ಲ. ಗಾಜಿನ ತೊಟ್ಟಿ, ದೀಪ, ಪಂಪು ಮೊದಲಾದವುಗಳಿಗೆ ಈ ವಿನಾಯಿತಿ ಅನ್ವಯಿಸದು. ಬಣ್ಣದ ಮೀನಿನ ವ್ಯಾಪಾರಕ್ಕೆ ಹೆಸರಾದ ಚೆನ್ನೈನ ಕೊಳತ್ತೂರಿನಿಂದ ವ್ಯಾಪಾರಿಯೊಬ್ಬರು ಬಂದು ಆಯನೂರಿನಲ್ಲಿ ಇಂತಹ ಸಾಮಗ್ರಿಯ ಮಳಿಗೆ ತೆರೆದರೆ, ಕರ್ನಾಟಕದಲ್ಲಿ ಅವರಿಗೆ ವ್ಯವಹಾರ ಸ್ಥಳವಿಲ್ಲದ ಕಾರಣ, ವಹಿವಾಟು ಎಷ್ಟೇ ಅಲ್ಪವಾಗಿರಲಿ 'ಸಾಂದರ್ಭಿಕ ತೆರಿಗೆದಾರ'ರಾಗಿ ನೋಂದಣಿ ಪಡೆಯಬೇಕು. ವ್ಯವಹಾರ ಆರಂಭಕ್ಕೆ ಕನಿಷ್ಠ 5 ದಿನ ಮೊದಲು ಅರ್ಜಿ ಸಲ್ಲಿಸಿ, ಅಂದಾಜು ತೆರಿಗೆಯನ್ನು ಮುಂಗಡವಾಗಿ ಕಟ್ಟಬೇಕು. ಬೆಂಗಳೂರಿನಲ್ಲಿ ಈಗಾಗಲೇ ನೋಂದಣಿಯಿರುವವರಿಗೆ ಈ ತೊಡಕಿಲ್ಲ. ಮಳಿಗೆಯ ಅರ್ಜಿ ನಮೂನೆಯಲ್ಲೇ ಈ ವಿವರವನ್ನು ಕೇಳಿದರೆ ಎಲ್ಲರಿಗೂ ಕ್ಷೇಮ.

ಸಂಘದ ಮಟ್ಟಿಗೆ, ಸೇವೆಗಳ ವಾರ್ಷಿಕ ವಹಿವಾಟು ರೂ. 20 ಲಕ್ಷ ಮೀರಿದರೆ ನೋಂದಣಿ ಕಡ್ಡಾಯ. ಸದಸ್ಯರಿಂದ ಪಡೆಯುವ ಶುಲ್ಕವೂ ತೆರಿಗೆಗೆ ಒಳಪಡುವಂತೆ 2021ರಲ್ಲಿ ಕಾನೂನು ತಿದ್ದುಪಡಿಯಾಯಿತು. ಕೇರಳ ಉಚ್ಚ ನ್ಯಾಯಾಲಯವು 2025ರ ಏಪ್ರಿಲ್‌ನಲ್ಲಿ ಆ ತಿದ್ದುಪಡಿಯನ್ನು ಅಸಾಂವಿಧಾನಿಕವೆಂದು ತೀರ್ಪಿತ್ತಿದೆ. ಹಾಗಿದ್ದರೂ ಇಲ್ಲಿಯ ಸಂಘಗಳು ಸದಸ್ಯ ಶುಲ್ಕವನ್ನೂ ಸೇರಿಸಿಯೇ ಮಿತಿಯನ್ನು ಎಣಿಸುವುದು ಲೇಸು.

ಪ್ರಾಯೋಜಕರು ಗಮನಿಸಬೇಕಾದ ಅಂಶವೊಂದಿದೆ. ಕಂಪನಿಯಲ್ಲದ ಸಂಘದಿಂದ ಪ್ರಾಯೋಜಕತ್ವ ಪಡೆಯುವ ಸಂಸ್ಥೆಯು ಕಂಪನಿ ಅಥವಾ ಪಾಲುದಾರಿಕೆ ಸಂಸ್ಥೆಯಾಗಿದ್ದರೆ, ತೆರಿಗೆ ಕಟ್ಟುವ ಹೊಣೆ ಹಿಮ್ಮುಖವಾಗಿ ಪ್ರಾಯೋಜಕರ ಮೇಲೆಯೇ ಬೀಳುತ್ತದೆ.

4. ಆದಾಯ ತೆರಿಗೆ

ಸದಸ್ಯರು ತಮ್ಮತಮ್ಮಲ್ಲಿ ಹಣ ಕೂಡಿಸಿ ತಮಗಾಗಿಯೇ ಖರ್ಚು ಮಾಡಿ ಉಳಿಸಿದ ಹಣ 'ಪರಸ್ಪರತೆ'ಯ ತತ್ತ್ವದಡಿ ತೆರಿಗೆಗೆ ಒಳಪಡುವುದಿಲ್ಲ. ಹೊರಗಿನ ಮಳಿಗೆದಾರರು ಹಾಗೂ ಪ್ರಾಯೋಜಕರಿಂದ ಬಂದ ಲಾಭಕ್ಕೆ ಈ ರಕ್ಷಣೆಯಿಲ್ಲ. ಬೆಂಗಳೂರು ಕ್ಲಬ್ ಪ್ರಕರಣದಲ್ಲಿ, ಸದಸ್ಯತ್ವ ಪಡೆದಿದ್ದ ಬ್ಯಾಂಕುಗಳಲ್ಲಿಯೇ ಠೇವಣಿಯಿಟ್ಟು ಗಳಿಸಿದ ಬಡ್ಡಿಗೂ ತೆರಿಗೆಯುಂಟೆಂದು ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ ತೀರ್ಪು ನೀಡಿತು. ಆದ್ದರಿಂದ ಸದಸ್ಯರ ಹಣಕ್ಕೂ ಹೊರಗಿನವರ ಹಣಕ್ಕೂ ಬೇರೆಬೇರೆ ಖಾತೆ ಬರೆಯಬೇಕು.

ವ್ಯಾಪಾರಿಯು ಹಣ ಕೊಡುವಾಗ ಅದು ಜಾಹೀರಾತೋ ದೇಣಿಗೆಯೋ ಎಂಬುದು ರಸೀದಿಯಲ್ಲಿ ಸ್ಪಷ್ಟವಿರಬೇಕು. ಫಲಕದಲ್ಲಿ ಅಂಗಡಿಯ ಹೆಸರು ಪ್ರಕಟಿಸುವ ಒಪ್ಪಂದವಿದ್ದರೆ ಅದನ್ನು ವ್ಯಾಪಾರದ ಖರ್ಚೆಂದು ತೋರಿಸಲು ಆಧಾರ ದೊರೆಯುತ್ತದೆ. ಬರೀ ದೇಣಿಗೆಯಾದರೆ, ಸಂಘಕ್ಕೆ ಆದಾಯ ತೆರಿಗೆ ಇಲಾಖೆಯ ಮಾನ್ಯತೆಯಿಲ್ಲದಿದ್ದಲ್ಲಿ ಯಾವ ರಿಯಾಯಿತಿಯೂ ಇಲ್ಲ.

5. ಗಿಡಗಳ ಕಾನೂನು

ಹರಾಜಿಗೆ ಗಿಡ ಬೇಕೆಂದು ಕಾಡಿನ ಹಳ್ಳಕ್ಕಿಳಿಯುವ ಉತ್ಸಾಹವನ್ನು ತಡೆಯಬೇಕು. ಆಯನೂರು ಸೀಮೆಗೆ ಶೆಟ್ಟಿಹಳ್ಳಿ ಅಭಯಾರಣ್ಯ ದೂರವಿಲ್ಲ. ಅಭಯಾರಣ್ಯದೊಳಗಿನ ಗಿಡ ಕೀಳುವುದು 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದಡಿ ಅಪರಾಧ. ಇತರೆಡೆಯಿಂದಲೂ ವಾಣಿಜ್ಯ ಬಳಕೆಗಾಗಿ ಜೈವಿಕ ಸಂಪನ್ಮೂಲ ಪಡೆಯುವವರು 2002ರ ಜೀವವೈವಿಧ್ಯ ಅಧಿನಿಯಮದಂತೆ ರಾಜ್ಯ ಜೀವವೈವಿಧ್ಯ ಮಂಡಳಿಗೆ ಮುಂಚಿತವಾಗಿ ತಿಳಿಸಬೇಕು. ಸ್ಥಳೀಯ ಜನರಿಗೂ ಬೆಳೆಗಾರರಿಗೂ ಇದರಿಂದ ವಿನಾಯಿತಿಯಿದೆ. ವಿದೇಶಿ ಅತಿಥಿಯು ಸಂಶೋಧನೆಗೋ ವ್ಯಾಪಾರಕ್ಕೋ ಇಲ್ಲಿಯ ಗಿಡ ಒಯ್ಯಬೇಕಾದರೆ ಚೆನ್ನೈನಲ್ಲಿರುವ ರಾಷ್ಟ್ರೀಯ ಪ್ರಾಧಿಕಾರದ ಪೂರ್ವಾನುಮತಿ ಬೇಕು. ಆದ್ದರಿಂದ ಸದಸ್ಯರು ತೊಟ್ಟಿಯಲ್ಲಿ ಬೆಳೆಸಿದ ಗಿಡಗಳನ್ನು ಮಾತ್ರ ಹರಾಜಿಗೆ ತರತಕ್ಕದ್ದೆಂಬ ನಿಯಮವನ್ನು ಮೊದಲ ಆಹ್ವಾನ ಪತ್ರದಲ್ಲೇ ಮುದ್ರಿಸುವುದು ಒಳ್ಳೆಯದು.

ಮುಗಿದ ಮೇಲೆ ಉಳಿದ ಗಿಡಗಳನ್ನು ಕೆರೆಗೆ ಎಸೆಯಬಾರದು. ಹೂವಿನ ಅಂದಕ್ಕೆಂದು ದಕ್ಷಿಣ ಅಮೆರಿಕದಿಂದ ಬಂದ ವಾಟರ್ ಹಯಸಿಂತ್ ಇಂದು ಎಷ್ಟೋ ಕೆರೆಗಳನ್ನು ಮುಚ್ಚಿರುವುದು ಕಣ್ಣೆದುರಿಗೇ ಇದೆ. ಗದ್ದೆ, ತೋಟಗಳು ಕೆರೆನೀರನ್ನು ನಂಬಿರುವ ಸೀಮೆಯಲ್ಲಿ ಈ ಎಚ್ಚರಿಕೆ ಅವಶ್ಯ.

6. ಮುಂಗಡ ಕೊಡುವ ಮುನ್ನ

ಸಭಾಭವನಕ್ಕೆ ಮೊದಲ ಮುಂಗಡ ಕೊಡುವ ದಿನವೇ ಸಂಘವು ಹೊಣೆಗಾರಿಕೆಗೆ ಒಳಗಾಗುತ್ತದೆ. ಅದಕ್ಕೆ ಮುನ್ನ ನೋಂದಣಿ, ಬ್ಯಾಂಕ್ ಖಾತೆ, ಖರ್ಚಿನ ಮಿತಿಯ ಠರಾವು ಹಾಗೂ ನಷ್ಟವಾದರೆ ಯಾರು ಎಷ್ಟು ಭರಿಸಬೇಕೆಂಬ ಲಿಖಿತ ಒಪ್ಪಂದ, ಈ ನಾಲ್ಕೂ ಸಿದ್ಧವಿರಬೇಕು. ಇಷ್ಟು ದಿನದೊಳಗೆ ಇಷ್ಟು ಪ್ರತಿನಿಧಿಗಳು ಹಣ ಕಟ್ಟದಿದ್ದರೆ ಸಮ್ಮೇಳನವನ್ನು ಮುಂದೂಡುವುದೆಂದು ಅದೇ ಸಭೆಯಲ್ಲಿ ನಿರ್ಧರಿಸಿಕೊಳ್ಳಬೇಕು. ಮುಂದೂಡಿದರೆ ಮುಂಗಡ ಹಿಂತಿರುಗುವುದೇ ಎಂಬುದನ್ನು ಭವನದ ಮಾಲೀಕರಿಂದ ಬರವಣಿಗೆಯಲ್ಲಿ ಪಡೆಯಬೇಕು.

ಸಮ್ಮೇಳನ ಮುಗಿದ ಒಂದು ತಿಂಗಳೊಳಗೆ ಖಜಾಂಚಿಯು ಜಮಾ-ಖರ್ಚಿನ ತಃಖ್ತೆಯನ್ನು ಓಚರುಗಳೊಂದಿಗೆ ಸಭೆಯ ಮುಂದಿಟ್ಟು, ಅದರ ಪ್ರತಿಯನ್ನು ಪ್ರಾಯೋಜಕರಿಗೂ ಕಳುಹಿಸಿದರೆ, ಮುಂದಿನ ಸಮ್ಮೇಳನಕ್ಕೆ ನೆರವು ಕೇಳಲು ಅದೇ ಅರ್ಹತಾಪತ್ರವಾಗುತ್ತದೆ. ಶಾಮಿಯಾನದವರ ಬಾಕಿ ಸಕಾಲದಲ್ಲಿ ತೀರಿದ್ದರೆ ಅವರೂ ಎರಡನೆಯ ಬಾರಿ ಸಂತೋಷದಿಂದಲೇ ಕಂಬ ನೆಡಲು ಬರುವರು.