ಕಾಶಿಯ ಗೋಡೆಗಳಿಗೆ ಲೋಹದ ಕವಚ

ಕಾಶಿಗೆ ಹೋದವರಾರೂ ವಿಶ್ವನಾಥನ ಗುಡಿಯ ಹೊನ್ನಿನ ಶಿಖರದ ಕಡೆಗೆ ಕಣ್ಣೆತ್ತದೆ ಹಿಂದಿರುಗುವುದಿಲ್ಲ. ಈಗಿರುವ ದೇವಾಲಯವನ್ನು 1780ರ ವೇಳೆಗೆ ರಾಣಿ ಅಹಲ್ಯಾಬಾಯಿ ಹೋಳ್ಕರರು ಕಟ್ಟಿಸಿದರು. ಅರ್ಧ ಶತಮಾನದ ಬಳಿಕ, 1830ರ ದಶಕದಲ್ಲಿ, ಪಂಜಾಬಿನ ಮಹಾರಾಜ ರಣಜಿತ್ ಸಿಂಗರು ಇತ್ತ ಚಿನ್ನದಿಂದ ಶಿಖರಕ್ಕೆ ಹೊದಿಕೆಯಾಯಿತು. ಚಿನ್ನವೆಂದರೆ ಗಟ್ಟಿ ಚಿನ್ನವಲ್ಲ. ತಾಮ್ರದ ತಗಡಿನ ಮೇಲೆ ಚಿನ್ನವನ್ನು ಲೇಪಿಸಿ, ಆ ತಗಡನ್ನು ಕಲ್ಲಿನ ಮೇಲೆ ಹೊದಿಸಲಾಗಿದೆ. ಅಂದರೆ ಭಕ್ತನ ಕಣ್ಣಿಗೆ ಬೀಳುವುದು ಚಿನ್ನ. ಮಳೆ ಬಿಸಿಲುಗಳನ್ನು ತಾಳುವುದು ತಾಮ್ರ. ಎಲ್ಲವನ್ನೂ ಹೊತ್ತು ನಿಂತಿರುವುದು ಕಲ್ಲು.

ಕಟ್ಟಡಕ್ಕೆ ಲೋಹದ ಕವಚ ತೊಡಿಸುವ ಈ ಪದ್ಧತಿ ನಮ್ಮ ವಾಚಕರಿಗೆ ಹೊಸದೇನೂ ಅಲ್ಲ. ಕರಾವಳಿಯ ದೇವಸ್ಥಾನಗಳಲ್ಲಿ ಗರ್ಭಗುಡಿಯ ಮಾಡಿಗೆ ಮರದ ಹಲಗೆ ಹಾಸಿ, ಅದರ ಮೇಲೆ ತಾಮ್ರದ ತಗಡು ಹೊದಿಸುವುದನ್ನು ಎಳವೆಯಿಂದಲೇ ಕಂಡವರು ನಾವು. ಉಡುಪಿಯ ಕೃಷ್ಣಮಠದ ಗರ್ಭಗುಡಿಯ ಮಾಡಿಗೆ 2019ರಲ್ಲಿ ಚಿನ್ನದ ಹೊದಿಕೆಯೇ ಬಂದಿತು. ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಮಳೆ ಸುರಿಯುವ ನಾಡಿನಲ್ಲಿ ಲೋಹದ ಹೊದಿಕೆಯು ಆಡಂಬರಕ್ಕಾಗಿ ಹುಟ್ಟಿದುದಲ್ಲ, ಮರವನ್ನು ಕಾಯುವುದಕ್ಕಾಗಿ ಹುಟ್ಟಿದುದು.

ಇಂದಿನ ವಾರಾಣಸಿಯಲ್ಲಾದರೋ ಲೋಹವು ದೇವಾಲಯದ ಶಿಖರದಿಂದ ಇಳಿದು ಬೀದಿಗೆ ಬಂದಿದೆ. ಜಪಾನಿನ ನೆರವಿನಿಂದ ಸಿಗ್ರಾದಲ್ಲಿ ಕಟ್ಟಿ, 2021ರ ಜುಲೈ 15ರಂದು ಉದ್ಘಾಟನೆಗೊಂಡ ‘ರುದ್ರಾಕ್ಷ’ ಸಭಾಭವನದ ಹೊರಮೈಯಲ್ಲಿ ಅಲ್ಯೂಮಿನಿಯಮ್ಮಿನ 108 ರುದ್ರಾಕ್ಷಿಗಳಿವೆ. ಗಂಜಾರಿಯಲ್ಲಿ 2023ರ ಸೆಪ್ಟೆಂಬರ್ 23ರಂದು ಶಂಕುಸ್ಥಾಪನೆಯಾದ ಕ್ರಿಕೆಟ್ ಕ್ರೀಡಾಂಗಣದ ಯೋಜನೆಯಲ್ಲಿ ಬಿಲ್ವಪತ್ರೆಯ ಆಕಾರದ ಲೋಹದ ತಗಡುಗಳು ಹೊರಮುಖವನ್ನು ಅಲಂಕರಿಸುವುದೆಂದು ಸಾರಲಾಯಿತು. ಇವು ದೊಡ್ಡವರ ಕಟ್ಟಡಗಳು. ರೈಲು ನಿಲ್ದಾಣದ ಸುತ್ತಲಿನ ವಸತಿಗೃಹಗಳನ್ನೂ ಅಂಗಡಿ ಸಾಲುಗಳನ್ನೂ ನೋಡಿದರೆ, ಇಟ್ಟಿಗೆಯ ಹಳೆಯ ಗೋಡೆಗೆ ನೀಲಿ, ಕೆಂಪು, ಬೆಳ್ಳಿ ಬಣ್ಣದ ಹಲಗೆಗಳನ್ನು ಬಡಿದು ಒಂದೇ ತಿಂಗಳಲ್ಲಿ ಹೊಸ ಕಟ್ಟಡವೆನ್ನಿಸುವ ಜಾಣತನ ಅಲ್ಲಿಯೂ ಕಾಣುತ್ತದೆ. ನಾವು ದುಡಿಯುವ ನಗರಗಳಲ್ಲಿಯೂ ಕಾಣುತ್ತದೆ.

ಕಟ್ಟಡದ ಹೊದಿಕೆ ಯಜಮಾನರ ವಿಷಯ, ನಮಗೇಕೆ ಎಂದು ವಾಚಕರು ಕೇಳಬಹುದು. ಆ ಹೊದಿಕೆಯ ಹಿಂದೆ ರಾತ್ರಿ ಮಲಗುವವರು ಯಾರು? ಮೇಲಂತಸ್ತಿನ ಕೋಣೆಯಲ್ಲಿ ಸಾಲಾಗಿ ಚಾಪೆ ಹಾಸುವ ಹೋಟೆಲಿನ ಹುಡುಗರು ನಮ್ಮವರು. ಹೊದಿಕೆಗೆ ದರಪಟ್ಟಿ ತರಿಸಿ, ಖರೀದಿಯ ಆದೇಶವನ್ನು ಟೈಪು ಮಾಡಿ, ಬಿಲ್ಲನ್ನು ಪರಿಶೀಲಿಸುವ ಗುಮಾಸ್ತರೂ ನಮ್ಮವರೇ. ಆದುದರಿಂದ ಈ ವಿಷಯವನ್ನು ತುಸು ವಿವರವಾಗಿ ತಿಳಿಯುವುದು ಅಗತ್ಯವೆಂದು ನಾವು ಭಾವಿಸಿದ್ದೇವೆ.

ಲೋಹಗಳ ಕುಲಗೋತ್ರ

ಹೊರಗೋಡೆಗೆ ಲೋಹವನ್ನು ಬಯಸುವುದಕ್ಕೆ ಮುಖ್ಯ ಕಾರಣ ಅದರ ಹಗುರ. ಕಾಶಿಯ ಘಾಟಗಳಿಗೆಲ್ಲ ಬಳಸಿದ ಚುನಾರದ ಮರಳುಗಲ್ಲನ್ನು ಒಂದಂಗುಲ ದಪ್ಪಕ್ಕೆ ಸೀಳಿ ಗೋಡೆಗೆ ಅಂಟಿಸಿದರೂ ಚದರ ಮೀಟರಿಗೆ ಐವತ್ತು ಕಿಲೋಗ್ರಾಮಿಗೆ ಕಡಿಮೆಯಿಲ್ಲ. ಎರಡು ಮಿಲಿಮೀಟರಿನ ಗಟ್ಟಿ ಅಲ್ಯೂಮಿನಿಯಂ ಹಲಗೆಯ ಭಾರವಾದರೋ ಐದೂವರೆ ಕಿಲೋಗ್ರಾಮಿನ ಒಳಗೆ. ಹಳೆಯ ಗೋಡೆಗೆ ಇದು ದೊಡ್ಡ ಉಪಕಾರ.

ಎಲ್ಲಕ್ಕಿಂತ ಅಗ್ಗವಾದುದು ಸತುವು ಲೇಪಿಸಿದ ಕಬ್ಬಿಣದ ತಗಡು. ಇಲ್ಲಿ ಸತುವು ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ. ಆದುದರಿಂದ ಕೇಳಬೇಕಾದುದು ತಗಡಿನ ಬಣ್ಣವನ್ನಲ್ಲ, ಚದರ ಮೀಟರಿಗೆ ಎಷ್ಟು ಗ್ರಾಂ ಸತುವು ಇದೆಯೆಂಬುದನ್ನು. 120 ಗ್ರಾಮಿನ ತಗಡೂ 275 ಗ್ರಾಮಿನ ತಗಡೂ ಅಂಗಡಿಯಲ್ಲಿ ಒಂದೇ ರೀತಿ ಹೊಳೆಯುತ್ತವೆ; ಹಲವು ಮಳೆಗಾಲ ಕಳೆದ ಮೇಲೆ ಮಾತ್ರ ಯಾವುದು ಯಾವುದೆಂದು ತಿಳಿಯುತ್ತದೆ. ಶೇಕಡ 55ರಷ್ಟು ಅಲ್ಯೂಮಿನಿಯಮ್ಮನ್ನು ಬೆರೆಸಿದ ಸತುವಿನ ಲೇಪವುಳ್ಳ ತಗಡು ಇನ್ನೂ ಹೆಚ್ಚು ಬಾಳುವಂತಹುದು.

ತುಕ್ಕು ಹಿಡಿಯದ ಉಕ್ಕು ಅಡುಗೆಮನೆಯಲ್ಲಿ ದುಡಿಯುವವರಿಗೆ ಚಿರಪರಿಚಿತ. ಉಪ್ಪುನೀರು ನಿಂತರೂ ಕಲೆಯಾಗದ ಪಾತ್ರೆ ಯಾವುದು, ವಾರದೊಳಗೆ ಚುಕ್ಕೆ ಬೀಳುವ ಪಾತ್ರೆ ಯಾವುದು ಎಂಬ ಭೇದವನ್ನು ಅವರು ಚೆನ್ನಾಗಿ ಬಲ್ಲರು. ಗೋಡೆಗೂ ಅದೇ ನ್ಯಾಯ. ಒಳನಾಡಾದ ಕಾಶಿಗೆ 304ನೆಯ ದರ್ಜೆ ಸಾಕಾಗಬಹುದು. ಮುಂಬಯಿ, ಮಂಗಳೂರುಗಳಂತಹ ಕಡಲತಡಿಗೆ ಮಾಲಿಬ್ಡಿನಂ ಸೇರಿದ 316ನೆಯ ದರ್ಜೆಯೇ ಲೇಸು.

ಲೋಹಗಳು ಪರಸ್ಪರ ಹೊಂದಿಕೊಳ್ಳುತ್ತವೆಯೋ ಇಲ್ಲವೋ ಎಂಬುದನ್ನೂ ನೋಡತಕ್ಕದ್ದು. 1886ರಲ್ಲಿ ನ್ಯೂಯಾರ್ಕಿನಲ್ಲಿ ನಿಲ್ಲಿಸಿದ ಸ್ವಾತಂತ್ರ್ಯದೇವಿಯ ಪ್ರತಿಮೆಯು ಸುಮಾರು 2.4 ಮಿಲಿಮೀಟರು ದಪ್ಪದ ತಾಮ್ರದ ಹೊದಿಕೆ. ಅದರೊಳಗೆ ಕಬ್ಬಿಣದ ಚೌಕಟ್ಟು. ಎರಡರ ನಡುವೆ ಇರಿಸಿದ್ದ ಪ್ರತಿಬಂಧಕ ಪದರವು ಕಾಲಕ್ರಮದಲ್ಲಿ ನಶಿಸಿತು. ಕಡಲ ತೇವದಲ್ಲಿ ತಾಮ್ರವೂ ಕಬ್ಬಿಣವೂ ಒಂದನ್ನೊಂದು ತಾಗಿ ಕಬ್ಬಿಣವು ತಿಂದುಹೋಯಿತು. 1986ರಲ್ಲಿ ಮುಗಿದ ಜೀರ್ಣೋದ್ಧಾರದಲ್ಲಿ ಕಬ್ಬಿಣದ ಪಟ್ಟಿಗಳನ್ನು ತೆಗೆದು ತುಕ್ಕು ಹಿಡಿಯದ ಉಕ್ಕಿನ ಪಟ್ಟಿಗಳನ್ನು ಹಾಕಬೇಕಾಯಿತು. ಅಲ್ಯೂಮಿನಿಯಂ ಹಲಗೆಗೆ ಸಿಕ್ಕಿದ ಕಬ್ಬಿಣದ ಮೊಳೆ ಹೊಡೆಯುವ ನಮ್ಮ ಮೇಸ್ತ್ರಿಗಳು ಈ ಕಥೆಯನ್ನು ಕೇಳಬೇಕು.

ಬಿಸಿಲು, ಚಳಿ ಮತ್ತು ಕೋತಿ

ಕಾಶಿಯ ಮೇ ತಿಂಗಳ ಬಿಸಿಲು 45 ಡಿಗ್ರಿಯನ್ನು ಮುಟ್ಟುವುದುಂಟು. ಬಿಸಿಲಿಗೆ ಮುಖಮಾಡಿದ ಕಪ್ಪು ಬಣ್ಣದ ಲೋಹವು ಗಾಳಿಗಿಂತ ಬಹಳ ಹೆಚ್ಚು ಕಾಯುತ್ತದೆ. ಅದೇ ಗೋಡೆ ಪುಷ್ಯಮಾಸದ ಮಂಜಿನಲ್ಲಿ ಕೈಯಿಟ್ಟರೆ ಕೊರೆಯುತ್ತದೆ. ಈ ಅಂತರ 60 ಡಿಗ್ರಿಯೆಂದು ಎಣಿಸಿದರೆ, ಮೂರು ಮೀಟರು ಉದ್ದದ ಅಲ್ಯೂಮಿನಿಯಂ ಹಲಗೆಯು ನಾಲ್ಕು ಮಿಲಿಮೀಟರಿಗಿಂತ ಹೆಚ್ಚು ಹಿಗ್ಗಿ ಕುಗ್ಗುತ್ತದೆ. ಉಕ್ಕು ಅದರ ಅರ್ಧದಷ್ಟು. ಹಿಗ್ಗುವುದಕ್ಕೆ ಎಡೆ ಬಿಡದೆ ಸುತ್ತಲೂ ಬಿಗಿದರೆ ಹಲಗೆ ಉಬ್ಬುತ್ತದೆ, ರಿವೆಟ್ಟು ಕಿತ್ತುಬರುತ್ತದೆ, ಮಳೆನೀರು ಒಳಗಿಳಿಯುತ್ತದೆ. ತೂತುಗಳು ಉದ್ದಕ್ಕೆ ಇರಬೇಕು, ಹಲಗೆ ಹಲಗೆಗಳ ನಡುವೆ ಸಂದು ಇರಬೇಕು. ಕೆಳಗಿನಿಂದ ಮೇಲಕ್ಕೆ ಗಾಳಿಯಾಡಿದರೆ ಹೊದಿಕೆಯು ಗೋಡೆಗೆ ಕೊಡೆಯಾಗುತ್ತದೆ, ಇಲ್ಲವಾದರೆ ಒಲೆಯಾಗುತ್ತದೆ.

ಕಾಶಿಯಲ್ಲಿ ಕೋತಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಗಂಗಾತೀರದಲ್ಲಿ ಎಳೆದ ಅಂತರಜಾಲದ ತಂತಿಗಳನ್ನು ಕೋತಿಗಳು ಕಚ್ಚಿ ತುಂಡರಿಸಿದ ವಾರ್ತೆ 2015ರಲ್ಲಿ ದೇಶವಿದೇಶಗಳ ಪತ್ರಿಕೆಗಳಲ್ಲಿ ಬಂದಿತ್ತು. ಅಂತಹ ಊರಿನಲ್ಲಿ ಕಾಲು ಮಿಲಿಮೀಟರಿನ ತೆಳುತಗಡು ಎಷ್ಟು ದಿನ ನುಣುಪಾಗಿ ಉಳಿದೀತು?

ಹಲಗೆಯ ಹೊಟ್ಟೆಯೊಳಗೆ

ಇಷ್ಟಾದರೂ ಇವೆಲ್ಲ ಹಣದ ನಷ್ಟದ ಮಾತು. ಪ್ರಾಣದ ಮಾತು ಬೇರೆಯೇ ಇದೆ. ಇಂದು ಅಂಗಡಿ ಹೋಟೆಲುಗಳ ಮುಂಭಾಗದಲ್ಲಿ ಹೆಚ್ಚಾಗಿ ಕಾಣುವ ‘ಎ.ಸಿ.ಪಿ.’ ಹಲಗೆಯನ್ನು ಜನರು ಲೋಹವೆಂದು ತಿಳಿದಿದ್ದಾರೆ. ಅದು ಪೂರ್ತಿ ಲೋಹವಲ್ಲ. ಮೂರು ನಾಲ್ಕು ಮಿಲಿಮೀಟರಿನ ಹಲಗೆಯಲ್ಲಿ ಎರಡು ಬದಿಯ ಅಲ್ಯೂಮಿನಿಯಂ ತಲಾ ಅರ್ಧ ಮಿಲಿಮೀಟರು ಅಥವಾ ಅದಕ್ಕೂ ಕಡಿಮೆ. ನಡುವೆ ತುಂಬಿರುವುದು ಬೇರೊಂದು ಪದಾರ್ಥ. ಅಗ್ಗದ ಹಲಗೆಯಲ್ಲಿ ಆ ಪದಾರ್ಥವು ಪಾಲಿಥೀನ್. ಸಾಮಾನು ಕಟ್ಟುವ ಚೀಲದ ಜಾತಿಯದು. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ. ನೀರು ಬತ್ತಿದ ಅಲ್ಯೂಮಿನಿಯಂ ಪಾತ್ರೆ ಒಲೆಯ ಮೇಲೆ ಏನಾಗುತ್ತದೆಂಬುದನ್ನು ಅಡುಗೆಯವರಿಗೆ ನಾವು ಹೇಳಬೇಕಾಗಿಲ್ಲ. ತೆಳುವಾದ ಮುಸುಕು ಸರಿದೊಡನೆ ಒಳಗಿನ ಪಾಲಿಥೀನ್ ಕರಗಿ, ಉರಿಯುತ್ತ, ಹನಿಹನಿಯಾಗಿ ಕೆಳಗೆ ಬೀಳುತ್ತದೆ. ಹಲಗೆಯ ಹಿಂದಿನ ಖಾಲಿ ಜಾಗವು ಹೊಗೆಗೂಡಿನಂತೆ ಉರಿಯನ್ನು ಮೇಲಕ್ಕೆ ಸೆಳೆಯುತ್ತದೆ.

ಲಂಡನ್ನಿನ ಗ್ರೆನ್‌ಫೆಲ್ ಟವರ್ ಎಂಬ 24 ಅಂತಸ್ತಿನ ವಾಸದ ಕಟ್ಟಡದಲ್ಲಿ 2017ರ ಜೂನ್ 14ರ ರಾತ್ರಿ ನಡೆದುದು ಇದೇ. ನಾಲ್ಕನೆಯ ಅಂತಸ್ತಿನ ಒಂದು ಅಡುಗೆಮನೆಯ ತಂಪುಪೆಟ್ಟಿಗೆಯಲ್ಲಿ ಹೊತ್ತಿದ ಬೆಂಕಿ ಕಿಟಕಿಯಿಂದ ಹೊರಬಿದ್ದು, ಸುಮಾರು ಅರ್ಧ ಗಂಟೆಯಲ್ಲಿ ಹೊರಗೋಡೆಯ ಮೇಲೆ ನೆತ್ತಿಯವರೆಗೆ ಏರಿತು. 72 ಮಂದಿ ಮಡಿದರು. ಉರಿ ಹಾಗೆ ಹರಡಲು ಪಾಲಿಥೀನ್ ತುಂಬಿದ ಅಲ್ಯೂಮಿನಿಯಂ ಹಲಗೆಗಳೇ ಮುಖ್ಯ ಕಾರಣವೆಂದು ವಿಚಾರಣಾ ಆಯೋಗವು 2019ರಲ್ಲಿ ನಿರ್ಣಯಿಸಿತು. ಆ ಕಟ್ಟಡಕ್ಕೆ ಮೊದಲು ಯೋಚಿಸಿದ್ದುದು ಸತುವಿನ ಹಲಗೆ. ವೆಚ್ಚ ಉಳಿಸಲೆಂದು ಅದನ್ನು ಬಿಟ್ಟು ಅಲ್ಯೂಮಿನಿಯಮ್ಮಿನ ಈ ಹಲಗೆಯನ್ನು ಆರಿಸಿ, 2016ರಲ್ಲಿ ಕೆಲಸ ಮುಗಿಸಿದ್ದರು. ಕಾಗದದ ಮೇಲೆ ಬದಲಾದುದು ದರಪಟ್ಟಿಯ ಒಂದು ಸಾಲು. 2018ರ ಡಿಸೆಂಬರಿನಿಂದ ಇಂಗ್ಲೆಂಡಿನಲ್ಲಿ 18 ಮೀಟರು ಮೀರಿದ ಹೊಸ ವಾಸದ ಕಟ್ಟಡಗಳಿಗೆ ಉರಿಯುವ ಹೊದಿಕೆಯನ್ನು ನಿಷೇಧಿಸಲಾಯಿತು.

ನಮ್ಮ ದೇಶದಲ್ಲಿ ಇನ್ನೊಂದು ಕಷ್ಟವುಂಟು. ಮುಂಭಾಗ ಚೆನ್ನಾಗಿ ಕಾಣಲೆಂದು ಕಿಟಕಿಗಳ ಮೇಲೆಯೇ ಹಲಗೆ ಬಡಿಯುವ ಕೆಟ್ಟ ಅಭ್ಯಾಸ. ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ 2010ರ ಫೆಬ್ರವರಿ 23ರಂದು ಒಂಬತ್ತು ಮಂದಿ ಸತ್ತರು. ಹೊಗೆ ತಾಳಲಾರದೆ ಗಾಜು ಒಡೆದು ಕೆಳಗೆ ಹಾರಿದವರೂ ಅವರಲ್ಲಿದ್ದರು. ಕಾಶಿಯಿರುವ ಉತ್ತರ ಪ್ರದೇಶದ ರಾಜಧಾನಿ ಲಕ್ನೋವಿನ ಹೋಟೆಲೊಂದರಲ್ಲಿ 2022ರ ಸೆಪ್ಟೆಂಬರ್ 5ರಂದು ನಾಲ್ವರು ಮಡಿದರು. ಈ ದುರಂತಗಳು ಲೋಹದ ಹಲಗೆಯಿಂದಲೇ ಆದವೆಂದು ನಾವು ಹೇಳುತ್ತಿಲ್ಲ. ಕಟ್ಟಡದೊಳಗೆ ಸಿಕ್ಕಿಬಿದ್ದವನಿಗೆ ಉರಿಗಿಂತ ಮೊದಲು ಹೊಗೆಯೇ ಯಮನಾಗುತ್ತದೆ, ಮುಚ್ಚಿದ ಕಿಟಕಿ ಅವನ ಕೊನೆಯ ದಾರಿಯನ್ನೂ ಕಸಿದುಕೊಳ್ಳುತ್ತದೆ ಎಂಬುದನ್ನಷ್ಟೇ ನೆನಪಿಸುತ್ತಿದ್ದೇವೆ. ಕಾಶಿಯ ಹಳೆಯ ಪೇಟೆಯ ಅನೇಕ ಗಲ್ಲಿಗಳಲ್ಲಿ ಹಸುವೊಂದು ಎದುರಾದರೆ ನಾವು ಗೋಡೆಗೆ ಒತ್ತಿ ನಿಲ್ಲಬೇಕು. ಅಲ್ಲಿಗೆ ಅಗ್ನಿಶಾಮಕ ದಳದ ವಾಹನ ಬರುವ ಬಗೆ ಎಂತು?

ಕೇಳಬೇಕಾದ ಪ್ರಶ್ನೆಗಳು

ಲೋಹದ ಹೊದಿಕೆಯೇ ಬೇಡವೆಂದು ನಮ್ಮ ಅಭಿಪ್ರಾಯವಲ್ಲ. ಗಟ್ಟಿ ಅಲ್ಯೂಮಿನಿಯಂ ಉಂಟು, ಉಕ್ಕಿನ ತಗಡು ಉಂಟು, ಎ.ಸಿ.ಪಿ.ಯೇ ಬೇಕೆನ್ನುವವರಿಗೆ ಖನಿಜದ ಪುಡಿಯನ್ನೇ ಬಹುಪಾಲು ತುಂಬಿದ, ‘ಎ-2’ ಎಂಬ ದರ್ಜೆಯ ಹಲಗೆಯೂ ಉಂಟು. ದರ ಹೆಚ್ಚು, ನಿಜ. ಆದರೆ ಹೊರಗಿನ ಹೊಳಪು ಎಲ್ಲಕ್ಕೂ ಒಂದೇ ಆದುದರಿಂದ ಕಣ್ಣಿನಿಂದ ಆರಿಸಲಾಗದು. ಬಣ್ಣದ ಮಾದರಿಪುಸ್ತಕವನ್ನು ಬದಿಗಿಟ್ಟು, ಹೊಟ್ಟೆಯೊಳಗೆ ಏನಿದೆಯೆಂದು ಕೇಳುವುದೇ ಆಯ್ಕೆಯ ಮೊದಲ ಮಾತು. ಬೆಂಕಿಯ ಪರೀಕ್ಷೆಯ ಪ್ರಮಾಣಪತ್ರವನ್ನು ತರಿಸಬೇಕು; ಪತ್ರದಲ್ಲಿರುವ ಹೆಸರು ದಪ್ಪಗಳೂ ಲಾರಿಯಿಂದ ಇಳಿದ ಹಲಗೆಯ ಹಿಂಬದಿಯಲ್ಲಿ ಅಚ್ಚಾಗಿರುವುದೂ ಒಂದೇ ಎಂದು ತಾಳೆ ನೋಡಬೇಕು. ಪ್ರತಿ ಅಂತಸ್ತಿಗೂ ಹಲಗೆಯ ಹಿಂದೆ ಉರಿಯನ್ನು ತಡೆಯುವ ಅಡ್ಡಪಟ್ಟಿ ಇರಬೇಕು. ನಾಮಫಲಕದ ದೀಪದ ತಂತಿಗಳು ಕೊಳವೆಯೊಳಗೆ ಸಾಗಬೇಕು. ಯಾವ ಕಿಟಕಿಯೂ ಮುಚ್ಚಬಾರದು.

ಇವನ್ನು ಯಜಮಾನರಿಗೆ ಹೇಳುವ ಅಧಿಕಾರ ನಮಗೆಲ್ಲಿದೆ ಎಂದು ಹೋಟೆಲಿನ ಹುಡುಗ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಹಲಗೆಯ ದರ್ಜೆಯನ್ನು ಅವನು ನಿರ್ಣಯಿಸಲಾರ. ಆದರೆ ತಾನು ಮಲಗುವ ಕೋಣೆಯ ಕಿಟಕಿ ತೆರೆಯುತ್ತದೆಯೇ, ಎರಡನೆಯ ಮೆಟ್ಟಿಲಿಗೆ ರಾತ್ರಿ ಬೀಗ ಬೀಳುತ್ತದೆಯೇ ಎಂಬುದನ್ನು ಅವನು ಇಂದೇ ನೋಡಬಲ್ಲ. ನಾಲ್ವರು ಕೂಡಿ ವಿನಯದಿಂದಲೇ ಮ್ಯಾನೇಜರರಿಗೆ ಹೇಳಬಲ್ಲರು. ಗುಮಾಸ್ತನ ಕೈಯಲ್ಲಿ ಇನ್ನೂ ಹೆಚ್ಚಿನದಿದೆ. ಖರೀದಿಯ ಆದೇಶದಲ್ಲಿ ‘4 ಮಿ.ಮೀ. ಹಲಗೆ, ಬೆಳ್ಳಿ ಬಣ್ಣ’ ಎಂದು ಬರೆಯುವಲ್ಲಿ ‘ಒಳಪದರ ಎ-2 ದರ್ಜೆ, ಪ್ರಮಾಣಪತ್ರ ಸಹಿತ’ ಎಂದು ಇನ್ನೊಂದು ಸಾಲು ಸೇರಿಸಿ ಯಜಮಾನರ ಸಹಿಗೆ ಇಡಬಹುದು. ಕಾರಣ ಕೇಳಿದರೆ ಲಂಡನ್ನಿನ ಕಥೆ ಹೇಳಬಹುದು. ಲೆಕ್ಕ ಬಲ್ಲ ಯಜಮಾನರು ಕಿವಿಗೊಡದೆ ಇರಲಾರರು.

ಹನುಮಾನ್ ಘಾಟದ ಬಳಿಯ ಕರ್ನಾಟಕದ ಛತ್ರದಲ್ಲಿ ಇಳಿದುಕೊಳ್ಳುವ ನಮ್ಮ ಯಾತ್ರಿಕರು ಬೆಳಿಗ್ಗೆ ಗಂಗೆಗೆ ಇಳಿಯುವಾಗ ಚುನಾರದ ಕಲ್ಲಿನ ಮೆಟ್ಟಿಲುಗಳನ್ನು ತುಳಿಯುತ್ತಾರೆ, ಬಳಿಕ ವಿಶ್ವನಾಥನ ಹೊನ್ನಿನ ಶಿಖರಕ್ಕೆ ಕೈಮುಗಿಯುತ್ತಾರೆ. ಮುಂದಿನ ಸಲ ಹೋದಾಗ ತಾವು ತಂಗುವ ವಸತಿಗೃಹದ ಹೊರಗೋಡೆಯನ್ನೂ ಒಮ್ಮೆ ಕಣ್ಣೆತ್ತಿ ನೋಡಲಿ. ಶಿಖರದ ಚಿನ್ನದ ಹಿಂದೆ ತಾಮ್ರವಿದೆ, ತಾಮ್ರದ ಹಿಂದೆ ಕಲ್ಲಿದೆ. ವಸತಿಗೃಹದ ಹೊಳಪಿನ ಹಿಂದೆ ಏನಿದೆಯೆಂದು ಕೋಣೆ ಹಿಡಿಯುವ ಮೊದಲೇ ವಿಚಾರಿಸುವುದರಲ್ಲಿ ಸಂಕೋಚವೇನೂ ಬೇಕಾಗಿಲ್ಲ.