ಹಂಗೇರಿ ದೇಶದ ‘ಮುದಿ’ ಎಂಬ ಶ್ವಾನ

‘ಮುದಿ’ ಎಂಬ ಶಬ್ದವು ಕಿವಿಗೆ ಬಿದ್ದೊಡನೆಯೇ ಕನ್ನಡಿಗರಾದ ನಮಗೆ ನರೆತ ಕೂದಲೂ ಊರುಗೋಲೂ ನೆನಪಿಗೆ ಬರುವುವು. ಆದರೆ ಯೂರೋಪು ಖಂಡದ ಮಧ್ಯದಲ್ಲಿರುವ ಹಂಗೇರಿ ದೇಶದಲ್ಲಿ ಇದೇ ಹೆಸರಿನ ನಾಯಿಯೊಂದುಂಟು. ಅದರ ಚಟುವಟಿಕೆಯನ್ನು ಕಂಡವರಿಗೆ ನಮ್ಮ ಭಾಷೆಯ ಅರ್ಥವು ಅದಕ್ಕೆ ಲೇಶವೂ ಸಲ್ಲದೆಂಬುದು ಕೂಡಲೆ ತಿಳಿಯುವುದು. ಕುರಿದನಗಳ ಮಂದೆಯನ್ನು ನಡೆಸುವ, ಮಧ್ಯಮ ಗಾತ್ರದ ಶ್ವಾನಜಾತಿಯಿದು. ಒಂದು ವಸ್ತುವನ್ನು ಅರಿಯಬೇಕಾದರೆ ಅದರ ನಾಮ, ರೂಪ, ಕರ್ಮಗಳೆಂಬ ಮೂರನ್ನೂ ವಿಚಾರಿಸುವುದು ನಮ್ಮ ಹಿರಿಯರ ಕ್ರಮ. ಈ ನಾಯಿಯ ವಿಷಯದಲ್ಲಿ ಮಾತ್ರ ಆ ಕ್ರಮವನ್ನು ತಿರುಗಿಸಿ ಕರ್ಮದಿಂದಲೇ ಆರಂಭಿಸಬೇಕಾಗಿದೆ. ಏಕೆಂದರೆ ಇದಕ್ಕೆ ಹೆಸರು ಬಂದುದು ಎಲ್ಲಕ್ಕಿಂತ ಕಡೆಗೆ.

ಹಂಗೇರಿಯ ಪೂರ್ವಭಾಗದಲ್ಲಿ ಕಣ್ಣು ಹಾಯುವಷ್ಟು ದೂರವೂ ಹಬ್ಬಿರುವ ಹುಲ್ಲುಬಯಲುಗಳಿವೆ. ಅಲ್ಲಿನ ಕುರಿಗಾಹಿಗಳೂ ದನಗಾಹಿಗಳೂ ಹಿಂದಿನಿಂದ ಎರಡು ಬಗೆಯ ನಾಯಿಗಳನ್ನು ಸಾಕುತ್ತಿದ್ದರು. ಕೊಮೊಂಡೋರ್, ಕುವಾಸ್ ಎಂಬ ದೊಡ್ಡ ಬಿಳಿಯ ನಾಯಿಗಳು ತೋಳಗಳಿಂದಲೂ ಕಳ್ಳರಿಂದಲೂ ಮಂದೆಯನ್ನು ಕಾಯುವುವು. ಪುಲಿ, ಪುಮಿ, ಮುದಿ ಎಂಬ ಚಿಕ್ಕವು ಒಡೆಯನ ಆಜ್ಞೆಯಂತೆ ಮಂದೆಯನ್ನು ಅಟ್ಟಿಕೊಂಡು ಹೋಗುವುವು. ಗುಂಪನ್ನು ಬಿಟ್ಟು ಹೋಗುವ ದನವನ್ನು ಮುದಿಯು ಬೊಗಳಿ ತಡೆಯುವುದು. ಅದಕ್ಕೂ ಬಗ್ಗದಿದ್ದರೆ ಹಿಂಗಾಲಿನ ಬಳಿ ಮೆಲ್ಲನೆ ಕಚ್ಚಿ, ಒದೆತವು ಬೀಳುವುದರೊಳಗಾಗಿ ಸರಕ್ಕನೆ ತಪ್ಪಿಸಿಕೊಳ್ಳುವುದು. ತನಗಿಂತ ಹತ್ತಾರು ಪಾಲು ಹೆಚ್ಚು ತೂಕದ ಎತ್ತನ್ನು ಇಷ್ಟು ಸಣ್ಣ ಪ್ರಾಣಿಯು ದಾರಿಗೆ ತರುವುದೆಂದರೆ ಬುದ್ಧಿಯೂ ಧೈರ್ಯವೂ ಒಟ್ಟಿಗೆ ಬೇಕಷ್ಟೆ.

ಇನ್ನು ರೂಪ. ಗಂಡುನಾಯಿಯ ಎತ್ತರವು 41ರಿಂದ 47 ಸೆಂಟಿಮೀಟರು, ತೂಕವು 11ರಿಂದ 13 ಕಿಲೋಗ್ರಾಂ. ಹೆಣ್ಣು ಇದಕ್ಕಿಂತ ಸ್ವಲ್ಪ ಕಿರಿದು. ನಿಮಿರಿ ನಿಂತ ಕಿವಿಗಳು, ಚೂಪಾದ ಮೋರೆ. ಮುಖದ ಮೇಲೂ ಕಾಲುಗಳ ಮುಂಭಾಗದಲ್ಲಿಯೂ ಗಿಡ್ಡಗೂದಲು. ಮೈಮೇಲೆ ಅಲೆಯಲೆಯಾದ ಗುಂಗುರುಗೂದಲು. ಪುಲಿಗೆ ಇರುವಂತಹ ಜಟೆಗಳು ಇದಕ್ಕಿಲ್ಲ. ಆದಕಾರಣ ವಾರಕ್ಕೊಮ್ಮೆ ಬಾಚಿದರೆ ಸಾಕಾಗುವುದು. ಕಪ್ಪು, ಕಂದು, ಬೂದಿ ಮೊದಲಾದ ಬಣ್ಣಗಳಲ್ಲದೆ, ತೆಳುಬಣ್ಣದ ಮೈಮೇಲೆ ಗಾಢವಾದ ಮಚ್ಚೆಗಳುಳ್ಳ ಕರ್ಬುರವರ್ಣದ ನಾಯಿಗಳೂ ಉಂಟು.

ಕಡೆಯದಾಗಿ ನಾಮ. ಬಹುಕಾಲದವರೆಗೆ ಪುಲಿ, ಪುಮಿ, ಮುದಿಗಳನ್ನು ಬೇರೆ ಬೇರೆ ಜಾತಿಗಳೆಂದು ಯಾರೂ ಕಟ್ಟುನಿಟ್ಟಾಗಿ ಎಣಿಸಿರಲಿಲ್ಲ. ಕೆಲಸ ಬಲ್ಲ ನಾಯಿಯು ಉಳಿಯುತ್ತಿತ್ತು. ಗಾಹಿಗೆ ಬೇಕಾದುದು ಅಷ್ಟೆ. 1936ರಲ್ಲಿ ಬಲಶ್ಶದ್ಯರ್ಮತ್ ಪಟ್ಟಣದ ವಸ್ತುಸಂಗ್ರಹಾಲಯದ ಮುಖ್ಯಸ್ಥರಾಗಿದ್ದ ಡಾಕ್ಟರ್ ದೆಝೋ ಫೇನ್ಯೆಶ್ ಎಂಬವರು ಇದನ್ನು ಪ್ರತ್ಯೇಕಿಸಿ ‘ಮುದಿ’ ಎಂದು ಹೆಸರಿಟ್ಟರು. ಹೆಸರು ಬಂದ ಕೆಲವೇ ವರ್ಷಗಳಲ್ಲಿ ಎರಡನೆಯ ಮಹಾಯುದ್ಧವು ಹಂಗೇರಿಯನ್ನು ಮುತ್ತಿ, ಜನರೊಂದಿಗೆ ನಾಯಿಗಳನ್ನೂ ಆಹುತಿ ತೆಗೆದುಕೊಂಡಿತು. ಅಳಿದುಳಿದ ಕೆಲವು ನಾಯಿಗಳಿಂದ ಈ ತಳಿಯು ಮತ್ತೆ ಚಿಗುರಬೇಕಾಯಿತು. 1966ರಲ್ಲಿ ಅಂತಾರಾಷ್ಟ್ರೀಯ ಶ್ವಾನ ಒಕ್ಕೂಟವೂ 2022ರಲ್ಲಿ ಅಮೆರಿಕನ್ ಕೆನಲ್ ಕ್ಲಬ್ಬೂ ಇದಕ್ಕೆ ಮನ್ನಣೆಯನ್ನಿತ್ತುವು. ಆದರೂ ಇಂದಿಗೂ ಇದು ವಿರಳವಾದ ಜಾತಿಯೇ ಆಗಿದೆ.

ಮನ್ನಣೆಯೊಡನೆ ಹೊಸದೊಂದು ಭಯವೂ ಬಂದಿರುವುದನ್ನು ನಾವು ಮರೆಯಲಾಗದು. ಬಯಲಿನ ನಾಯಿಯು ಈಗ ಪಟ್ಟಣದ ಮನೆಗಳನ್ನು ಸೇರುತ್ತಿದೆ. ಒಡೆಯನಲ್ಲಿ ಅತಿಶಯವಾದ ಪ್ರೀತಿಯುಳ್ಳುದೂ, ಹೇಳಿಕೊಟ್ಟುದನ್ನು ಬೇಗನೆ ಕಲಿಯುವುದೂ ಆದ ಈ ಪ್ರಾಣಿಯು ದಿನವೆಲ್ಲ ಕೆಲಸವಿಲ್ಲದೆ ಕಟ್ಟಿಹಾಕಲ್ಪಟ್ಟರೆ ಬೇಸರದಿಂದ ಸದಾ ಬೊಗಳುವುದು. ಮಂದೆಯು ಸಿಕ್ಕದಿದ್ದರೆ ಓಡಾಡುವ ಮಕ್ಕಳನ್ನೇ ಮಂದೆಯೆಂದು ಭಾವಿಸಿ ಅಟ್ಟುವುದೂ ಉಂಟು. ಇದು ದುಷ್ಟತನವಲ್ಲ, ತಲೆತಲಾಂತರದಿಂದ ಬಂದ ಕರ್ಮವು ದಾರಿಯನ್ನು ಹುಡುಕುವ ಬಗೆ.

ರೂಪದ ಮೋಹದಿಂದಾಗುವ ಕೇಡು ಇನ್ನೂ ದೊಡ್ಡದು. ಕರ್ಬುರವರ್ಣವು ಚೆಲುವೆಂದು ಆ ಬಣ್ಣದ ಗಂಡುಹೆಣ್ಣುಗಳನ್ನೇ ಕೂಡಿಸಿದರೆ, ಸರಾಸರಿ ನಾಲ್ಕರಲ್ಲೊಂದು ಮರಿಯು ಆ ಗುಣವನ್ನು ತಾಯಿತಂದೆಗಳಿಬ್ಬರಿಂದಲೂ ಪಡೆಯುವುದು. ಅಂತಹ ಮರಿಯು ಕಿವುಡಾಗಿಯೋ ಕುರುಡಾಗಿಯೋ ಹುಟ್ಟುವ ಸಂಭವವು ಬಹಳ. ಬಣ್ಣವನ್ನೇ ನೋಡಿ ನಾಯಿಯನ್ನು ಆರಿಸದೆ ಕೆಲಸವನ್ನು ನೋಡಿ ಆರಿಸಿದ ಗಾಹಿಯ ವಿವೇಕವು ಎಂತಹುದೆಂಬುದು ಇದರಿಂದ ವೇದ್ಯವಾಗುವುದು.

ಆದುದರಿಂದ ಇಂತಹ ನಾಯಿಯನ್ನು ಬಯಸುವ ಗೃಹಸ್ಥರು ತಮ್ಮ ಅಂಗಳವನ್ನು ಅಳೆಯುವುದಕ್ಕಿಂತ ಮೊದಲು ತಮ್ಮ ಬಿಡುವನ್ನು ಅಳೆದುಕೊಳ್ಳುವುದು ಲೇಸು. ದಿನವೂ ಅದರೊಡನೆ ಓಡಿಯಾಡಿ, ಏನಾದರೊಂದು ವಿದ್ಯೆಯನ್ನು ಕಲಿಸಬಲ್ಲವರು ಅದನ್ನು ಸಾಕಲಿ. ಉಳಿದವರು ದೂರದಿಂದಲೇ ಮೆಚ್ಚಿಕೊಳ್ಳಲಿ. ಹೆಸರಿಲ್ಲದಿದ್ದ ಕಾಲದಲ್ಲಿ ಈ ಪ್ರಾಣಿಯನ್ನು ಅದರ ಕೆಲಸವೇ ಕಾಪಾಡಿತು. ಹೆಸರು ಬಂದ ಮೇಲೆ ಆ ಕೆಲಸವನ್ನು ಅದಕ್ಕೆ ಉಳಿಸಿಕೊಡುವ ಹೊಣೆಯು ಸಾಕುವವರದು.