ಮಾನಿಟರ್ ಕೊಳ್ಳುವವರಿಗೆ ಎರಡು ಮಾತು

ಲೆಕ್ಕಪತ್ರಕ್ಕೆ ಕಂಪ್ಯೂಟರ್ ಇಟ್ಟುಕೊಂಡ ಸದಸ್ಯ ಬಾಂಧವರು ಕಡಮೆ ಬೆಲೆಯ ಅಗಲ ಪರದೆಯ ಮಾನಿಟರ್ ಬಗ್ಗೆ ವಿಚಾರಿಸುತ್ತಿದ್ದಾರೆ. ನಾವು ಮೋಸಹೋದ ಸಂಗತಿಯನ್ನೇ ಮೊದಲು ಅರಿಕೆ ಮಾಡುತ್ತೇವೆ. 17 ಅಂಗುಲದ ಹಳೆಯ ಚೌಕ ಪರದೆ ಕೆಟ್ಟಾಗ, ಅಗ್ಗವೆಂದು 18.5 ಅಂಗುಲದ ಅಗಲ ಪರದೆ ತಂದೆವು. ಕೂಲಿ ಪಟ್ಟಿ ತೆರೆದರೆ ಮೊದಲಿಗಿಂತ ಕಡಮೆ ಸಾಲುಗಳು! ಅಂಗುಲವೆಂಬುದು ಮೂಲೆಯಿಂದ ಮೂಲೆಗೆ ಅಳೆದದ್ದು. ಎತ್ತರ ಹತ್ತೂವರೆಯಿಂದ ಒಂಬತ್ತು ಅಂಗುಲಕ್ಕೆ ಇಳಿದಿತ್ತು, ಮೇಲಿನಿಂದ ಕೆಳಕ್ಕೆ ಚುಕ್ಕೆಗಳು 1024ರಿಂದ 768ಕ್ಕೆ.

ಆದುದರಿಂದ ಇನ್ನಷ್ಟು ಹಣ ಸೇರಿಸಿಯಾದರೂ 1920×1080 ಚುಕ್ಕೆಗಳ 24 ಅಂಗುಲದ್ದನ್ನೇ ಕೊಳ್ಳಿರಿ. ಅಷ್ಟೇ ಚುಕ್ಕೆಗಳ 27 ಅಂಗುಲದ್ದರಲ್ಲಿ ಅಕ್ಷರ ಒರಟಾಗುತ್ತದೆ. ಐಪಿಎಸ್ ಪರದೆಯಾದರೆ ಪಕ್ಕದಲ್ಲಿ ಕುಳಿತ ರೈಟರಿಗೂ ಅಂಕಿ ಸ್ಪಷ್ಟ. ಹಳೆಯ ಕಂಪ್ಯೂಟರಿನಲ್ಲಿ ವಿಜಿಎ ಮಾತ್ರವಿದ್ದರೆ, ಮಾನಿಟರಿಗೂ ಅದಿದೆಯೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳಿರಿ. ಅಗ್ಗದವುಗಳ ಸ್ಟ್ಯಾಂಡನ್ನು ಸಾಮಾನ್ಯವಾಗಿ ಎತ್ತರಿಸಲು ಬರುವುದಿಲ್ಲ. ನಮ್ಮದು ಹಳೆಯ ಲೆಡ್ಜರುಗಳ ಮೇಲೆ ಕುಳಿತಿದೆ.